ಲಾರಿ ಕೆಳಗಿನ ಝೂಲಾ

ಜೋಳದ ರಾಶಿ ಮುಗಿದು ಹೊಲಗಳೆಲ್ಲ ಬೋಳು ಬಿದ್ದ ಹೊತ್ತು. ಬಿಸಿಲು ಊರಿಗೆ ಬಂದು ಯಜಮಾನನ ಹಾಗೆ ಕೂತುಬಿಟ್ಟಿತ್ತು. ಏಪ್ರಿಲ್ ಇಪ್ಪತ್ತೊಂದು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಮಲಾಪುರ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಒಬ್ಬ ಬಂದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಸುಡುವ ಡಾಂಬರಿನ ಮೇಲೆ ಓಡಿ ಬಂದಿದ್ದಾನೆ ಅನ್ನುವುದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಒಂದು ಕಾಲು ಇಟ್ಟರೆ ಇನ್ನೊಂದು ಎತ್ತುತ್ತಿದ್ದ.

ಠಾಣೆಯಲ್ಲಿ ಹವಾಲ್ದಾರ್ ಸಾಯಬಣ್ಣ ಕೂತಿದ್ದ. ನಿವೃತ್ತಿಗೆ ಒಂಬತ್ತು ದಿನ ಉಳಿದಿದ್ದ ಮನುಷ್ಯ. ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಕಾದ.

"ಹೇಳು ಈಗ."

"ನಮ್ಮ ಯಶವಂತ ಬಿದ್ದಾನ್ರಿ. ಲಾರಿ ಕೆಳಗ. ನಡಾ ಎತ್ಲಾಕ ಆಗವಲ್ದು."

"ಲಾರಿ ಹಾಯ್ತೇನು?"

"ಇಲ್ರಿ, ಲಾರಿ ನಿಂತಲ್ಲೇ ಅದ. ಝೂಲಾ ಕಡೀತು."

"ಝೂಲಾ ಕಡದ್ರ ದವಾಖಾನಿಗಿ ಹೋಗ್ಬೇಕು. ಠಾಣೆಗ್ಯಾಕ ಬಂದಿ?"

"ದವಾಖಾನಿಗಿ ಕಳಿಸೀನ್ರಿ. ಆದ್ರ ಅದು ತಾನಾಗೇ ಕಡದಿಲ್ಲ ಸಾಹೇಬ್ರ. ಹಗ್ಗ ಕೊಯ್ದಾರ."

ಸಾಯಬಣ್ಣ ಲೋಟ ವಾಪಸ್ ತಗೊಂಡ. ಬಂದವನ ಹೆಸರು ವಿವೇಕಾನಂದ. ಅವನೂ ಬಿದ್ದ ಯಶವಂತನೂ ಒಂದೇ ಲಾರಿಯ ಇಬ್ಬರು ಡ್ರೈವರ್‌ಗಳು. ಸೇಡಂ ಕಡೆಯಿಂದ ಸಿಮೆಂಟು ಹೇರಿಕೊಂಡು ನಾಂದೇಡಕ್ಕೆ ಹೊರಟವರು. ಒಬ್ಬ ಓಡಿಸಿದರೆ ಒಬ್ಬ ಮಲಗುವುದು, ಹೊತ್ತು ನೋಡಿ ಬದಲಾಯಿಸುವುದು ಅವರ ರೂಢಿ.

ಈ ರಸ್ತೆಯಲ್ಲಿ ಲಾರಿಯವರು ಹೇಗೆ ಮಲಗುತ್ತಾರೆ ಅನ್ನುವುದನ್ನು ಸಾಯಬಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಏಪ್ರಿಲ್ ಬಂತೆಂದರೆ ಕ್ಯಾಬಿನ್ ಕಾದ ಹಂಚು. ಅದರೊಳಗೆ ಮಲಗಿದವನು ಎದ್ದಾಗ ಮಲಗುವ ಮೊದಲಿಗಿಂತ ಹೆಚ್ಚು ದಣಿದಿರುತ್ತಾನೆ. ಅದಕ್ಕೆ ಲಾರಿಯ ಹೊಟ್ಟೆಯ ಕೆಳಗೆ, ಮುಂದಿನ ಗಾಲಿ ಹಿಂದಿನ ಗಾಲಿಯ ನಡುವೆ, ಚಾಸಿಯ ಕಬ್ಬಿಣಕ್ಕೆ ಹಗ್ಗ ಬಿಗಿದು ತಾಡಪತ್ರಿಯ ತುಂಡನ್ನು ತೊಟ್ಟಿಲ ಹಾಗೆ ಇಳಿಬಿಡುತ್ತಾರೆ. ಮೇಲೆ ಇಪ್ಪತ್ತು ಟನ್ ಮಾಲಿನ ನೆರಳು, ಎರಡೂ ಕಡೆಯಿಂದ ಗಾಳಿ. ಝೂಲಾ ಅನ್ನುತ್ತಾರೆ. ಮಾಲೀಕರು ಬೇಡ ಅನ್ನುತ್ತಾರೆ, ಪೊಲೀಸರೂ ಬೇಡ ಅನ್ನುತ್ತಾರೆ. ಹೇಳಿದವರ ಮುಂದೆ ಹೂಂ ಅಂದು, ಅವರು ಆ ಕಡೆ ಹೋದ ಮೇಲೆ ಇವರು ಮಲಗುತ್ತಾರೆ. ಅದಕ್ಕೆ ಒಂದೇ ಒಂದು ಕಾಯಿದೆ. ಕೆಳಗೆ ಮಲಗುವವನು ಮುಂದಿನ ಬಂಪರಿಗೆ ತನ್ನ ಟಾವೆಲ್ ಕಟ್ಟಿ ಮಲಗಬೇಕು. ಬಂಪರಿನ ಮೇಲೆ ಟಾವೆಲ್ ಇದ್ದರೆ ಆ ಲಾರಿಯ ಚಾವಿ ತಿರುವಬಾರದು. ಬರೆದ ಕಾಯಿದೆ ಅಲ್ಲ, ಆದರೂ ಒಬ್ಬನನ್ನು ಬಿಟ್ಟರೆ ಅದನ್ನು ಮೀರಿದವನನ್ನು ಸಾಯಬಣ್ಣ ಕಂಡಿರಲಿಲ್ಲ.

ಪಿಎಸ್‌ಐ ಅಂಜನಾ ಮೇಡಂ ದೂರು ಓದಿ, ಮೂರು ನಲವತ್ತಕ್ಕೆ ಎಫ್‌ಐಆರ್ ದಾಖಲಿಸಿದಳು. ಅಪರಾಧ ಸಂಖ್ಯೆ 47, ಭಾರತೀಯ ನ್ಯಾಯ ಸಂಹಿತೆ ಕಲಂ 118(2). ಆಯುಧದಿಂದ ತೀವ್ರ ಗಾಯ ಮಾಡಿದ್ದು. ಆರೋಪಿ ಅಪರಿಚಿತ. ಅವಳು ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ವಯಸ್ಸು ಚಿಕ್ಕದು, ಮಾತು ಕಡಿಮೆ, ಕೆಲಸ ಮುಂದಕ್ಕೆ ಹಾಕುವವಳಲ್ಲ.

ನಾಲ್ಕೂ ಹತ್ತಕ್ಕೆ ಸ್ಥಳ ಪಂಚನಾಮೆ. ಹುಮನಾಬಾದ್ ದಿಕ್ಕಿಗೆ ಊರು ದಾಟಿದ ಮೇಲೆ ಒಂದು ಢಾಬಾ, ಅದರ ಮಗ್ಗುಲಿಗೆ ನಾಲ್ಕು ಬೇವಿನ ಮರ, ಮರದ ಕೆಳಗೆ ಹನ್ನೆರಡು ಹೊರಸು. ಹೊರಸಿನ ಮಾಲೀಕ ಸಿಕಂದರ್. ದಣಿದವರಿಗೆ ಮಲಗಲು ಹೊರಸು ಬಾಡಿಗೆಗೆ ಕೊಡುವುದೇ ಅವನ ಜೀವನ. ಎದುರಿಗೆ ರಸ್ತೆಯ ಆಚೆ ಮೂರು ಹೆಂಗಸರು ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು, ಗೋಣಿತಾಟಿನ ನೆರಳಲ್ಲಿ ಕೂತಿದ್ದರು.

ಲಾರಿಯ ಕೆಳಗೆ ಝೂಲಾ ಒಂದೇ ತುದಿಯಿಂದ ನೇತಾಡುತ್ತಿತ್ತು. ಅದರ ಕೆಳಗೆ ಒಂದು ಕೆಂಪುಗಲ್ಲು. ಕೈಗೆ ಎಟಕುವ ಹಾಗೆ ನೀರಿನ ಜಗ್ ಇಡುವುದಕ್ಕೆ ಯಶವಂತ ತಾನೇ ಹೊತ್ತು ತಂದು ಇಟ್ಟಿದ್ದ ಕಲ್ಲು. ಬಿದ್ದದ್ದು ಎರಡು ಅಡಿಯಿಂದ, ಆದರೆ ನಡುಬೆನ್ನು ಅದರ ಅಂಚಿಗೆ ಬಡಿದಿತ್ತು. ಬಂಪರಿಗೆ ಅವನ ಹಸಿರು ಟಾವೆಲ್ ಕಟ್ಟಿದ್ದು ಕಟ್ಟಿದಂತೇ ಇತ್ತು.

ಪೇದೆ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಸಾಯಬಣ್ಣ ಮಂಡಿಯೂರಿ, ನರಳುತ್ತ, ಲಾರಿಯ ಕೆಳಗೆ ತೂರಿದ.

"ಏನದ ಹವಾಲ್ದಾರ್ರ?" ಅಂಜನಾ ಹೊರಗಿನಿಂದ ಕೇಳಿದಳು.

"ಮುಕ್ಕಾಲು ಕೊಯ್ದಾರ್ರಿ ಮೇಡಂ. ಉಳಿದ ಎಳಿ ಭಾರಕ್ಕ ಹರದಾವ. ಕೊಯ್ದವರು ಪೂರಾ ಕೊಯ್ಯೋದ್ರೊಳಗ ಯಾರೋ ಬಂದಾರ."

"ಇಲ್ಲಾ ಬೇಕಂತಲೇ ಅಷ್ಟಕ್ಕ ಬಿಟ್ಟಾರ. ಮಲಗಿದ ಮ್ಯಾಲ ಬೀಳ್ಲಿ ಅಂತ."

ಸಾಯಬಣ್ಣ ಹಗ್ಗದ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಬಿಳಿ ಹತ್ತಿಯ ಹಗ್ಗ. ಕೊಯ್ದ ಕಡೆ ಸುತ್ತ ಕಂದು ಬಣ್ಣದ ಕಲೆ. ಎಣ್ಣೆಯದಲ್ಲ, ಗ್ರೀಸಿನದಲ್ಲ. ಮೂಸಿದ, ಉಗುರಿನಿಂದ ಕೆರೆದ. ಸಣ್ಣವನಿದ್ದಾಗ ಬಾಳೆಯ ತೋಟಕ್ಕೆ ಹೋಗಿ ಅಂಗಿಗೆ ಇಂಥದ್ದೇ ಕಲೆ ಮಾಡಿಕೊಂಡು ಬಂದರೆ ಅವನ ತಾಯಿ ಬೆನ್ನಿಗೆ ಎರಡು ಬಿಟ್ಟು ಅನ್ನುತ್ತಿದ್ದಳು: ಅಂಗಿ ಹರಿದರೂ ಈ ಕಲೆ ಹೋಗೋದಿಲ್ಲ.

"ಬಾಳಿ ರಸ ಕುಡಿದ ಕತ್ತೀಲೆ ಕೊಯ್ದಾರ್ರಿ ಮೇಡಂ," ಅಂದ.

ಹಗ್ಗವನ್ನು ಲಕೋಟೆಗೆ ಹಾಕಿ, ಅರಗಿನ ಮೊಹರು ಒತ್ತಿ, ಎಫ್‌ಎಸ್‌ಎಲ್ ಪ್ರಯೋಗಾಲಯಕ್ಕೆ ಕಳಿಸುವುದೆಂದು ಬರೆದರು. ವರದಿ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಕಾಯುವವರು ಅಲ್ಲಿ ಯಾರೂ ಇರಲಿಲ್ಲ. ಆಗಲೇ ಹತ್ತು ಹದಿನೈದು ಲಾರಿಯವರು ಸುತ್ತ ನಿಂತಿದ್ದರು. ಎಲ್ಲರ ಕಣ್ಣೂ ಬೇವಿನ ಮರದ ಕಡೆಗೆ.

"ಸಿಕಂದರ್‌ನ ಕೇಳ್ರಿ ಸಾಹೇಬ್ರ," ಅಂದ ಒಬ್ಬ. "ಮೊನ್ನೆ ಯಶವಂತನ ಮುಂದ ಅವನೇ ಅಂದಾನ. ನಿನ್ನ ಝೂಲಾ ಕಡದು ಬಿದ್ದಾಗ ನನ್ನ ಹೊರಸೇ ಬೇಕಾಗ್ತದ ಮಗನ, ಅಂತ. ನಾವೆಲ್ಲಾ ಕೇಳೀವಿ."

ಸಿಕಂದರ್‌ನನ್ನು ಕರೆದರು. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಮೆಹಂದಿ.

"ಅಂದಿಯೇನು?" ಅಂಜನಾ ಕೇಳಿದಳು.

"ಅಂದೀನ್ರಿ."

"ಯಾಕಂದಿ?"

"ನನ್ನ ಹೊರಸಿನ್ಯಾಗ ತಿಗಣಿ ಅದಾವ ಅಂತ ಇಡೀ ಲೈನಿಗೆಲ್ಲಾ ಸಾರ್ಯಾನ್ರಿ ಅವ. ವಾರಕ್ಕೊಮ್ಮೆ ಕುದಿಯೋ ನೀರು ಹಾಕ್ತೀನಿ. ಸಿಟ್ಟು ಬಂತು, ಅಂದೆ."

"ಇದಕ್ಕ ಮೊದಲೂ ಝೂಲಾ ಕೊಯ್ದಾರಂತಲ್ಲ?"

"ಯುಗಾದಿಯಿಂದ ಐದು ಆಗ್ಯಾವ್ರಿ. ಆಗೆಲ್ಲಾ ಪೂರಾ ಕೊಯ್ದು ನೆಲಕ್ಕ ಕೆಡವಿದ್ರು. ಮಲಗೋ ಮೊದಲೇ ನೋಡಿ ಬೈದು, ಮತ್ತ ಕಟ್ಕೊಂಡ್ರು. ಯಾರಿಗೂ ಏನೂ ಆಗಿಲ್ಲ."

"ಝೂಲಾ ಇಲ್ಲಂದ್ರ ಯಾರಿಗೆ ಲಾಭ ಸಿಕಂದರ್?"

ಅವನು ತನ್ನ ಹನ್ನೆರಡು ಹೊರಸಿನ ಕಡೆ ನೋಡಿದ. ಹನ್ನೊಂದು ಖಾಲಿ ಇದ್ದವು. ಹನ್ನೆರಡನೆಯದರ ಮೇಲೆ ಯಶವಂತನನ್ನು ಅಲುಗಿಸದೆ ಆಂಬ್ಯುಲೆನ್ಸಿನ ತನಕ ಹೊತ್ತಿದ್ದರು. ಅದು ರಸ್ತೆಯ ಅಂಚಿನಲ್ಲೇ ಬಿದ್ದಿತ್ತು.

"ನನಗೇ ಲಾಭರಿ," ಅಂದ. "ಖರೆ ಹೇಳ್ಬೇಕಂದ್ರ ನನಗೇ."

ಸಂಜೆ ಠಾಣೆಯಲ್ಲಿ ಅಂಜನಾ ಸಾಯಬಣ್ಣನನ್ನು ಒಳಗೆ ಕರೆದಳು. ಜಿಲ್ಲಾ ಕಚೇರಿಯಿಂದ ಎರಡು ಸಲ ಫೋನು ಬಂದಿತ್ತು. ಗುರುವಾರ ಸಂಜೆಯೊಳಗೆ ಬಂಧನ ಆಗದಿದ್ದರೆ ಲಾರಿಯವರು ರಸ್ತೆಗೆ ಅಡ್ಡ ಕೂರುತ್ತೇವೆ ಅಂದಿದ್ದರು.

"ಧಮಕಿ ಹಾಕ್ಯಾನ, ಸಾಕ್ಷಿ ಅದಾರ, ಕಾರಣ ಅದ. ಸಿಕಂದರ್‌ನ ಒಳಗ ಹಾಕಬಾರದು ಅನ್ಲಾಕ ನಿಮ್ಮ ಹತ್ರ ಏನದ?"

"ಬಾಳಿ ಕಲೆ ಅದರಿ."

"ಎದುರಿಗೆ ಮೂರು ಮಂದಿ ಹಣ್ಣು ಮಾರ್ತಾರ. ಅವರ ಕುಡುಗೋಲು ಎತ್ಕೊಂಡಿರಬಹುದು."

"ಹೌದ್ರಿ, ಇರಬಹುದು." ಸಾಯಬಣ್ಣ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ಗುರುವಾರ ಸಂಜಿತನಕ ಟೈಮ್ ಅದಲ್ರಿ ಮೇಡಂ. ಅಲ್ಲೀತನಕ ನನಗ ಬಿಡ್ರಿ. ಧಮಕಿ ಹಾಕಿದವನೇ ಮಾಡ್ಯಾನ ಅಂತ ಬರದು ಮುಗಸೋದು ಸಸಾರ. ನಾ ಹೋಗೋ ಹೊತ್ತಿನ್ಯಾಗ ಒಬ್ಬ ತಪ್ಪು ಮನುಷ್ಯನ್ನ ಜೇಲಿಗಿ ಕಳಿಸಿ ಹೋಗಬಾರದು, ಅಷ್ಟೇ."

ಅಂಜನಾ ಅವನನ್ನು ನೋಡಿದಳು. "ಗುರುವಾರ ಸಂಜಿ. ಅದರ ಮ್ಯಾಲ ಒಂದು ತಾಸೂ ಇಲ್ಲ."

ಬುಧವಾರ ಬೆಳಿಗ್ಗೆ ಎಂಟಕ್ಕೆ ಸಾಯಬಣ್ಣ ಸಿಕಂದರ್‌ನ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಿದ್ದ. ಸಿಕಂದರ್ ಚಹಾ ತರಿಸಿದ. ತಾನು ಕುಡಿಯಲಿಲ್ಲ.

"ನನ್ನ ಅರೆಸ್ಟ್ ಮಾಡ್ಲಾಕ ಬಂದೀರೇನ್ರಿ?"

"ಅರೆಸ್ಟ್ ಮಾಡೋರು ಚಹಾ ಕುಡೀತಾರೇನು? ಆ ಐದು ಝೂಲಾ ಯಾವ್ಯಾವ ಗಾಡೀದು, ನೆನಪದೇನು?"

ಸಿಕಂದರ್‌ನಿಗೆ ನೆನಪಿತ್ತು. ದಿನವಿಡೀ ರಸ್ತೆ ನೋಡುತ್ತ ಕೂರುವವನು. ತರಕಾರಿ ಗಾಡಿ, ಈರುಳ್ಳಿ ಗಾಡಿ, ಎರಡು ಸಿಮೆಂಟಿನವು, ಒಂದು ಟೈಲ್ಸಿನದು. ಮೂವರ ನಂಬರ್ ಅವನಲ್ಲೇ ಇತ್ತು, ಉಳಿದಿಬ್ಬರದು ಢಾಬಾದವನಲ್ಲಿ. ಸಾಯಬಣ್ಣ ಒಬ್ಬೊಬ್ಬರಿಗೇ ಫೋನು ಹಚ್ಚಿದ. ಒಬ್ಬ ಝಹೀರಾಬಾದಿನಲ್ಲಿದ್ದ, ಒಬ್ಬ ಲಾತೂರಿನ ಆಚೆ. ಎಷ್ಟು ಹೊತ್ತಿಗೆ, ಎಲ್ಲಿ ನಿಂತಿತ್ತು, ಯಾರ ಜೊತೆ ಜಗಳ, ಎಲ್ಲ ಕೇಳಿದ. ಮೂರನೆಯವನ ಜೊತೆ ಮಾತಾಡುವಾಗ ಒಂದು ಸಂಗತಿ ಕಿವಿಗೆ ತಾಗಿತು. ನಾಲ್ಕನೆಯವನನ್ನೂ ಐದನೆಯವನನ್ನೂ ಅದನ್ನೇ ಮೊದಲು ಕೇಳಿದ. ಆಮೇಲೆ ಹಿಂದಿನಿಬ್ಬರಿಗೆ ತಿರುಗಿ ಫೋನು ಮಾಡಿದ.

ಐದೂ ಲಾರಿಯಲ್ಲಿ ಇಬ್ಬಿಬ್ಬರು ಡ್ರೈವರ್.

"ಸಿಕಂದರ್, ಈ ಲೈನಿನ್ಯಾಗ ಒಬ್ಬನೇ ಡ್ರೈವರ್ ಬರೋ ಗಾಡಿ ಎಷ್ಟು?"

"ಹೆಚ್ಚು ಅವೇ ಅಲ್ರಿ? ಹತ್ತಕ್ಕ ಏಳು. ಎರಡನೇ ಡ್ರೈವರಿಗಿ ಪಗಾರ ಕೊಡೋ ಮಾಲಕ ಎಲ್ಲಿ ಅದಾನ?"

"ಅವರೂ ಝೂಲಾ ಕಟ್ತಾರ?"

"ಅವರೇ ಹೆಚ್ಚು ಕಟ್ತಾರ."

"ಅವರದೊಂದೂ ಕೊಯ್ದಿಲ್ಲ."

ಸಿಕಂದರ್ ಬೆರಳು ಮಡಚಿ ಲೆಕ್ಕ ಹಾಕಿ, "ಹಂಗಾದ್ರ ನಾ ಎಂಥ ಹುಚ್ಚ್ ವ್ಯಾಪಾರಿ ಇರಬೇಕ್ರಿ," ಅಂದ. "ಏಳು ಗಿರಾಕಿ ಬಿಟ್ಟು ಮೂರರ ಬೆನ್ನು ಹತ್ತೀನಿ."

ಸಾಯಬಣ್ಣ ನಗಲಿಲ್ಲ. ಒಬ್ಬನೇ ಇದ್ದ ಲಾರಿಯಲ್ಲಿ ಡ್ರೈವರ್ ಕೆಳಗೆ ಮಲಗಿದರೆ ಲಾರಿ ಅಲುಗುವುದಿಲ್ಲ. ಇಬ್ಬರಿದ್ದರೆ ಒಬ್ಬ ಕೆಳಗೆ, ಇನ್ನೊಬ್ಬನ ಕೈಯಲ್ಲಿ ಚಾವಿ. ಆ ಎರಡನೆಯವನಿಗೆ ಯಾರೋ ಹೆದರುತ್ತಿದ್ದಾರೆ.

ಚಹಾದ ಲೋಟ ಕೈಯಲ್ಲೇ ಇತ್ತು. ಹದಿನೈದು ವರ್ಷದ ಹಿಂದಿನ ಒಂದು ಮಧ್ಯಾಹ್ನ ಬಂದು ಅವನ ಮಗ್ಗುಲಿಗೆ ಕೂತಿತು. 2011ರ ಮೇ ತಿಂಗಳು. ಇದೇ ಢಾಬಾ, ಆಗ ಇದಕ್ಕೆ ತಗಡಿನ ಸೂರು. ದತ್ತಪ್ಪ ಅನ್ನುವ ಡ್ರೈವರ್ ಝೂಲಾದಲ್ಲಿ ಮಲಗಿದ್ದಾಗ ಜೊತೆಯ ಡ್ರೈವರ್ ಹಣಮಂತ ಲಾರಿ ಎತ್ತಿದ್ದ. ದತ್ತಪ್ಪ ಅಲ್ಲೇ ಸತ್ತ. ಆಗಿನ ಪಿಎಸ್‌ಐ ಹೇಳುತ್ತ ಹೋದ, ಪೇದೆ ಸಾಯಬಣ್ಣ ಪಂಚನಾಮೆ ಬರೆಯುತ್ತ ಹೋದ. ಹಣಮಂತನಿಗೆ ಒಂದು ವರ್ಷ ಶಿಕ್ಷೆಯಾಯಿತು.

ಸಾಯಬಣ್ಣ ಎದ್ದು ಕಲಬುರಗಿಯ ಬಸ್ ಹತ್ತಿದ.

ಕಲಬುರಗಿಯಲ್ಲಿ ಮೊದಲು ಸೇಡಂ ರಸ್ತೆಯ ಆಸ್ಪತ್ರೆಗೆ ಹೋದ. ಹನ್ನೆರಡೂವರೆ. ಬೆಳಿಗ್ಗೆಯೇ ಯಶವಂತನ ಬೆನ್ನಿಗೆ ಆಪರೇಷನ್ ಮಾಡಿದ್ದರು. ಇಪ್ಪತ್ತೊಂಬತ್ತರ ಹುಡುಗ. ಮೈತುಂಬ ಚಾದರ, ಮುಖ ಮಾತ್ರ ಹೊರಗೆ. ಕಾಲು ಬರುತ್ತದೋ ಇಲ್ಲವೋ ಎರಡು ದಿನ ಬಿಟ್ಟು ಹೇಳುತ್ತೇವೆ ಅಂದಿದ್ದರು ಡಾಕ್ಟರು.

"ಮಲಗೋ ಮೊದಲು ಝೂಲಾ ನೋಡಿದಿ?"

"ಗಂಟು ನೋಡ್ದೆ ಕಾಕಾ. ಹಗ್ಗದ ನಡು ಯಾರು ನೋಡ್ತಾರ?"

"ಲಾರಿ ಹತ್ರ ಯಾರಿದ್ರು?"

"ಯಾರೂ ಇಲ್ಲ. ಊಟ ಮಾಡಿ ಬಂದೆ, ಮಲಗಿದೆ."

"ಯಾರೂ ಮಾತಾಡ್ಸಿಲ್ಲ?"

"ಮಾತಾಡಸ್ಲಾಕ ಏನು, ಎಲ್ಲಾರೂ ಬುದ್ಧಿ ಹೇಳೋರೇ. ಮಾಲಕ ಹೇಳ್ತಾನ, ಸಿಕಂದರ್ ಹೇಳ್ತಾನ, ಬಂದವರನ್ನೆಲ್ಲಾ ಎಷ್ಟು ಮಂದಿ ಅದೀರಿ ಅಂತ ಕೇಳೋ ಬಾಳೆಹಣ್ಣಿನ ಅವ್ವಾನೂ ಹೇಳಿದ್ಳು. ಇವತ್ತೊಂದಿನ ಹೊರಸಿನ ಮ್ಯಾಲ ಮಲಗು ತಮ್ಮಾ, ಅಂತ." ಕಣ್ಣು ಮುಚ್ಚಿದ. "ಕೇಳ್ಬೇಕಾಗಿತ್ತು. ಕಾಕಾ, ನನ್ನ ಕಾಲು ಅಲ್ಲೇ ಅದಾವೇನು, ಒಮ್ಮೆ ನೋಡು. ನನಗ ಗೊತ್ತಾಗವಲ್ದು."

ಸಾಯಬಣ್ಣ ಚಾದರದ ಮೇಲಿಂದಲೇ ಅವನ ಪಾದ ಹಿಡಿದು, "ಅದಾವ," ಅಂದ.

ಎರಡು ಗಂಟೆಗೆ ಶಹಾಬಜಾರ. ಹಣಮಂತನನ್ನು ಹುಡುಕುವುದು ಕಷ್ಟವಾಗಲಿಲ್ಲ. ಗಲ್ಲಿಯ ಮೂಲೆಯಲ್ಲಿ, ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕಾದಂಥ ಅಂಗಡಿಯಲ್ಲಿ, ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದ. ಜೈಲಿನಿಂದ ಬಂದ ಮೇಲೆ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಖಾಕಿ ಕಂಡು ಎದ್ದು ನಿಂತ. ಮುಖ ಗುರುತು ಹಿಡಿದು ಮತ್ತೆ ಕೂತ.

"ನೀವು ಬರದಾಕಿದೋರು."

"ಹೌದು."

"ಈಗ ಏನು ಬರೀಲಾಕ ಬಂದೀರಿ?"

"ಮಂಗಳವಾರ ಮಧ್ಯಾಹ್ನ ಎಲ್ಲಿದ್ದಿ?"

"ಇಲ್ಲೇ. ಎದುರಿನ ದುಕಾನದಾವರನ್ನ ಕೇಳ್ರಿ. ಹದಿಮೂರು ವರ್ಷದಿಂದ ಇಲ್ಲೇ ಅದೀನಿ, ಎಲ್ಲಿ ಹೋಗ್ಲಿ?"

ಎದುರಿನ ಅಂಗಡಿಯವನು ಹೌದೆಂದ. ಸಾಯಬಣ್ಣ ಹಣಮಂತನಿಗೆ ನಡೆದದ್ದನ್ನೆಲ್ಲ ಹೇಳಿದ. ಇಬ್ಬರಿದ್ದ ಲಾರಿ, ಹಗ್ಗ, ಬಾಳೆಯ ಕಲೆ. ಹಣಮಂತ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಅವತ್ತು ಏನಾಯ್ತು, ಇನ್ನೊಮ್ಮೆ ಹೇಳು."

"ನಾಕು ಸಲ ಹೇಳೀನಿ. ನಿಮಗೆರಡು ಸಲ, ಕೋರ್ಟಿಗೆರಡು ಸಲ. ಊಟ ಮಾಡಿ ಬಂದೆ. ಬಂಪರ್ ನೋಡ್ದೆ. ಟಾವೆಲ್ ಇರ್ಲಿಲ್ಲ. ಎದ್ದಾನ, ಹೊರಕಡಿಗಿ ಹೋಗ್ಯಾನ ಅಂತ ತಿಳ್ಕೊಂಡೆ. ಗಾಡಿ ನೆಳ್ಳಿಗೆ ಸರಸ್ಲಾಕ ಹೋದೆ."

"ಕೂಗಲಿಲ್ಲ?"

"ಟಾವೆಲ್ ಇಲ್ಲಂದ್ರ ಕೂಗೋ ರಿವಾಜ್ ಇಲ್ರಿ. ಅದಕ್ಕೇ ಅಲ್ಲೇನು ಟಾವೆಲ್ ಕಟ್ಟೋದು?" ಒಂದು ಸ್ಕ್ರೂ ಎತ್ತಿ ಡಬ್ಬಿಗೆ ಹಾಕಿ ಅಂದ, "ಅವನ ಹೆಂಡತಿ ಕೋರ್ಟಿನ್ಯಾಗ ಟಾವೆಲ್ ಕಟ್ಟಿತ್ತು ಅಂದ್ಳು. ಸತ್ತವನ ಹೆಂಡತಿ ಮಾತಿಗಿ ಯಾರು ಎದುರು ಹೇಳ್ತಾರ? ಕೆಂಪಂಚಿನ ಟಾವೆಲ್, ನಾನು ಕಣ್ಣಾರೆ ನೋಡೀನಿ ಅಂದ್ಳು. ಕೆಲವೊಮ್ಮೆ ನನಗೇ ಅನಸ್ತದ, ಇತ್ತೇನೋ, ನಾನೇ ನೋಡ್ಲಿಲ್ಲೇನೋ."

ಕೆಂಪಂಚು ಅಂದ ಕೂಡಲೇ ಸಾಯಬಣ್ಣನ ಬೆರಳಿಗೆ ಏನೋ ನೆನಪಾಯಿತು. ತಲೆಗಿಂತ ಮೊದಲು ಬರೆದ ಕೈಗೆ. ಎದ್ದು ಬಿಸಿಲಲ್ಲೇ ನಡೆದ.

ಕೋರ್ಟಿನ ದಾಖಲೆ ಕೋಣೆಯಲ್ಲಿ ನಾಲ್ಕು ಗಂಟೆಗೆ ಹಳೆಯ ಕಡತ ಸಿಕ್ಕಿತು. ಧೂಳು ಕೊಡವಿದ. ತನ್ನದೇ ಅಕ್ಷರ, ಆಗ ಇನ್ನೂ ದುಂಡಗಿತ್ತು. ಎರಡನೆಯ ಪುಟದ ಕೆಳಗೆ: "ಘಟನಾ ಸ್ಥಳದಿಂದ ಪಶ್ಚಿಮಕ್ಕೆ ಸುಮಾರು ನಲವತ್ತು ಅಡಿ ಅಂತರದಲ್ಲಿ ನೀರಿನ ಬೋರಿಂಗ್ ಇದ್ದು, ಅದರ ಹತ್ತಿರ ಜಾಲಿಯ ಬೇಲಿಯ ಬುಡದಲ್ಲಿ ಕೆಂಪು ಅಂಚಿನ ಒಂದು ಟಾವೆಲ್ ಹಸಿಯಾಗಿ, ಮುದ್ದೆಯಾಗಿ ಬಿದ್ದಿರುವುದು ಕಂಡುಬಂದಿರುತ್ತದೆ."

ಒಣಗಹಾಕಿದ್ದಲ್ಲ. ಹಿಂಡುತ್ತಿದ್ದವರ ಕೈಯಿಂದ ಬಿದ್ದದ್ದು. ಪಿಎಸ್‌ಐ ಹೇಳಿದ, ಇವನು ಬರೆದ. ಯಾರ ಟಾವೆಲ್ ಅಂತ ಅವನು ಕೇಳಲಿಲ್ಲ, ಇವನೂ ಕೇಳಲಿಲ್ಲ. ಆ ಒಂದು ಸಾಲು ಹದಿನೈದು ವರ್ಷ ಇಲ್ಲಿ ಹಾಗೇ ಕೂತಿತ್ತು. ಒಬ್ಬ ಮನುಷ್ಯ ಅಲ್ಲಿ ಮಷೀನಿನ ಸ್ಕ್ರೂ ತಿರುವುತ್ತ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದ.

ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ಸತ್ತವನ ಹೆಂಡತಿಯದು. ಚಂದಮ್ಮ ಗಂಡ ದತ್ತಪ್ಪ, ವಯಸ್ಸು ಮೂವತ್ತೇಳು, ವಾಸ ಗಾಜಿಪುರ, ಕಲಬುರಗಿ. ಆಮೇಲೆ ಅವಳು ಗಾಜಿಪುರದ ಮನೆ ಬಿಟ್ಟು ಕಮಲಾಪುರದ ತವರಿಗೆ ಬಂದಳು. ಅದು ಸಾಯಬಣ್ಣನಿಗೆ ಕಡತ ನೋಡಿ ತಿಳಿಯಬೇಕಾಗಿರಲಿಲ್ಲ. ಢಾಬಾದ ಎದುರು ಕೂರುವ ಮೂವರಲ್ಲಿ ನಡುವಿನವಳು ಅವಳೇ. ಹತ್ತು ವರ್ಷದಿಂದ ಅವನು ವಾರಕ್ಕೆರಡು ಸಲ ಅವಳ ಹತ್ತಿರವೇ ಹಣ್ಣು ತಗೊಳ್ಳುತ್ತಿದ್ದ.

ಏಪ್ರಿಲ್ ಇಪ್ಪತ್ತಮೂರು, ಗುರುವಾರ. ಮಧ್ಯಾಹ್ನ ಮೂರಕ್ಕೆ ಅಂಜನಾ ಮತ್ತು ಸಾಯಬಣ್ಣ, ಜೊತೆಗೆ ಒಬ್ಬ ಮಹಿಳಾ ಪೇದೆ, ಜೀಪನ್ನು ಢಾಬಾದ ಹತ್ತಿರ ನಿಲ್ಲಿಸಿ ರಸ್ತೆ ದಾಟಿದರು. ಚಂದಮ್ಮ ಗೊನೆಯಿಂದ ಹಣ್ಣು ಕೊಯ್ಯುತ್ತಿದ್ದಳು. ಕುಡುಗೋಲಿನ ಅಲಗು ಹಿಡಿಕೆಯ ತನಕ ಕಪ್ಪು ಕಂದು.

"ಬಾ ಅಣ್ಣಾ. ಈ ಸಲ ಗಟ್ಟಿ ಅದಾವ, ಎರಡು ದಿನ ಇಟ್ಟು ತಿನ್ನು," ಅಂದಳು.

ಸಾಯಬಣ್ಣ ಅವಳೆದುರು ಕುಕ್ಕರಗಾಲಲ್ಲಿ ಕೂತ. ಅಂಜನಾ ಕೇಳಲು ಹೊರಟಿದ್ದವಳು ಅವನನ್ನು ನೋಡಿ ಬಿಟ್ಟುಕೊಟ್ಟಳು.

"ಚಂದಮ್ಮ, ಲಾರಿಯವರು ಬಂದ್ರ ಎಷ್ಟು ಮಂದಿ ಅದೀರಿ ಅಂತ ಯಾಕ ಕೇಳ್ತಿ?"

"ಎಷ್ಟು ಹಣ್ಣು ಕೊಡ್ಬೇಕು ಗೊತ್ತಾಗ್ಬೇಕಲ್ಲ."

"ಯಶವಂತನ್ನೂ ಕೇಳಿದಿ?"

"ಕೇಳೀನಿ."

"ಇಬ್ಬರು ಅಂದ."

ಅವಳು ಕೊಯ್ಯುವುದು ನಿಲ್ಲಿಸಿದಳು.

"ನಿನ್ನೆ ನಾನು ಶಹಾಬಜಾರಕ್ಕ ಹೋಗಿದ್ದೆ. ಹಣಮಂತ ಅದಾನ ಅಲ್ಲಿ. ತನಗ ಟಾವೆಲ್ ಕಾಣ್ಲಿಲ್ಲ ಅಂತಾನ. ಇವತ್ತಿಗೂ ಅದನ್ನೇ ಅಂತಾನ." ಸಾಯಬಣ್ಣ ಜೇಬಿನಿಂದ ಹಳೆಯ ಪಂಚನಾಮೆಯ ನಕಲು ತೆಗೆದ. "ನಾ ಬರದಿದ್ದು ಇದು. ಬೋರಿಂಗಿನ ಹತ್ರ ಹಸಿ ಟಾವೆಲ್. ಯಾರದು ಅಂತ ಅವತ್ತು ನಾ ನಿನ್ನ ಕೇಳ್ಲಿಲ್ಲ. ಇವತ್ತು ಕೇಳ್ತೀನಿ."

ಪಕ್ಕದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಒಂದು ಲಾರಿ ಹಾದುಹೋಯಿತು, ಅದರ ಧೂಳನ್ನು ಚಂದಮ್ಮ ಹಣ್ಣಿನ ಮೇಲಿಂದ ಸೆರಗಿನಲ್ಲಿ ಒರೆಸಿದಳು.

"ಅವಂದೇ," ಅಂದಳು. "ತವರಿಗಿ ಬಂದಿದ್ದೆ, ಬುತ್ತಿ ತಂದಿದ್ದೆ ಅವತ್ತು. ಮಲಗಿದ್ದ. ಎಬ್ಬಸ್ಬಾರದು ಅಂದ್ಕೊಂಡೆ. ಬಂಪರಿನ ಮ್ಯಾಲ ಟಾವೆಲ್ ನೋಡ್ದೆ, ಬೆವರು, ಡಿಸೇಲು, ಕಟ್ಟಿಗಿ ಆಗಿತ್ತು. ಏಳೋದ್ರೊಳಗ ಒಗದು ಹಸೀದೇ ಮಾರಿ ಮ್ಯಾಲ ಹಾಕ್ತೀನಿ, ತಂಪಾಗ್ತದ ಅಂತ ಬಿಚ್ಕೊಂಡು ಹೋದೆ. ಅದು ಯಾತಕ್ಕ ಕಟ್ಟಿರ್ತಾರ ಅಂತ ನನಗ ಗೊತ್ತಿರ್ಲಿಲ್ಲಣ್ಣ. ಡ್ರೈವರ್ ಹೆಂಡತಿ ಆಗಿ ಹದಿನೆಂಟು ವರ್ಷ, ಗೊತ್ತಿರ್ಲಿಲ್ಲ. ಅವರವರ ನಡುವಿನ ಮಾತು ಅದು, ಮನಿಗಿ ಬಂದು ಯಾರು ಹೇಳ್ತಾರ? ಹಿಂಡ್ಲಾಕತ್ತಿದ್ದೆ. ಗಾಡಿ ಚಾಲೂ ಆಗಿದ್ದು ಕೇಳ್ತು."

"ಕೋರ್ಟಿನ್ಯಾಗ?"

"ಟಾವೆಲ್ ಕಟ್ಟಿತ್ತಾ ಅಂತ ಕೇಳಿದ್ರು. ಕಟ್ಟಿತ್ತು ಅಂದೆ. ಆಮ್ಯಾಲ ಯಾರು ಬಿಚ್ಚಿದ್ರು ಅಂತ ಯಾರೂ ಕೇಳ್ಲಿಲ್ಲ."

ಅಂಜನಾ ಮೊದಲ ಸಲ ಮಾತಾಡಿದಳು. "ಝೂಲಾ ಎಂದಿನಿಂದ ಕೊಯ್ಲಾಕತ್ತಿ?"

"ಈ ಯುಗಾದಿಯಿಂದರಿ. ಹಬ್ಬದ ಹಿಂದಿನ ದಿನ ಒಬ್ಬ ಮಲಗಿದ್ದ. ಅವನ ಟಾವೆಲ್ ಗಾಳಿಗಿ ಹಾರಿ ನನ್ನ ಬುಟ್ಟಿ ಹತ್ರ ಬಿತ್ತು. ಒಯ್ದು ಮತ್ತ ಕಟ್ಟಿ ಬಂದೆ. ಎರಡು ದಿನ ಊಟ ಹೋಗ್ಲಿಲ್ಲ. ಇಬ್ಬರಿದ್ದ ಗಾಡಿ ಅದು. ಹಾರಿದ್ದು ನಾ ನೋಡ್ದೆ, ನೋಡದಿದ್ರ? ಅಲ್ಲಿಂದ, ಇಬ್ಬರಿದ್ದವರು ಊಟಕ್ಕ ಹೋದ್ರ ನಾ ಹೋಗಿ ಕೊಯ್ದು ಬರ್ತಿದ್ದೆ. ಝೂಲಾ ಇಲ್ಲಂದ್ರ ಹೊರಸಿನ ಮ್ಯಾಲ ಮಲಗ್ತಾರ."

"ಯಶವಂತಂದು ಅರ್ಧಕ್ಕ ಯಾಕ ಬಿಟ್ಟಿ?"

"ಸಪ್ಪಳ ಕೇಳ್ತು. ಅವನೇ ಬಂದ. ನಾ ಆ ಕಡೆಯಿಂದ ಹೊರಗ ಬಂದು ಹಣ್ಣು ಬೇಕೇನು ಅಂದೆ. ಇವತ್ತೊಂದಿನ ಹೊರಸಿನ ಮ್ಯಾಲ ಮಲಗು ಅಂದೆ. ಅವ ನಕ್ಕ. ಹಗ್ಗ ಕೊಯ್ದೀನಿ ಅಂತ ಹೇಳ್ಬೇಕಾಗಿತ್ತು." ಅವಳು ಕುಡುಗೋಲನ್ನು ಹಿಡಿಕೆ ಮುಂದು ಮಾಡಿ ಸಾಯಬಣ್ಣನ ಕಡೆ ಚಾಚಿದಳು. "ಅವತ್ತೂ ಹೇಳ್ಲಿಲ್ಲ, ಈಗೂ ಹೇಳ್ಲಿಲ್ಲ. ಅವ ಕಾಲ ಮ್ಯಾಲ ನಿಂದರ್ತಾನೇನು?"

"ಇನ್ನಾ ಗೊತ್ತಿಲ್ಲ."

ಕುಡುಗೋಲನ್ನು ಪಂಚರ ಮುಂದೆ 3.50ಕ್ಕೆ ವಶಪಡಿಸಿಕೊಂಡರು. 4.40ಕ್ಕೆ ಅಂಜನಾ ಚಂದಮ್ಮನನ್ನು ಬಂಧಿಸಿದಳು. ಬಂಧನದ ಕಾರಣ ಓದಿ ಹೇಳಿ, ಅವಳ ತಮ್ಮನಿಗೆ ಫೋನು ಮಾಡಿ ತಿಳಿಸಿದರು. ರಸ್ತೆಯ ಆಚೆ ಸಿಕಂದರ್ ನಿಂತು ನೋಡುತ್ತಿದ್ದ. ಜೀಪು ಹೊರಟ ಮೇಲೆ ಅವನು ರಸ್ತೆ ದಾಟಿ ಬಂದು, ಬಿಸಿಲಿಗೆ ಬಿದ್ದಿದ್ದ ಅವಳ ಬುಟ್ಟಿಯನ್ನು ಎತ್ತಿ ತನ್ನ ಬೇವಿನ ಮರದ ಕೆಳಗೆ, ಒಂದು ಹೊರಸಿನ ಮೇಲೆ ಇಟ್ಟ.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಚಂದಮ್ಮ ಒಂದೇ ಮಾತು ಹಿಡಿದಳು.

"ಟಾವೆಲ್ ನಾ ಬಿಚ್ಚಿದ್ದು ಅಂತನೂ ಬರೀರಿ."

"ಅದು ಈ ಕೇಸಿಗೆ ಬರೋದಿಲ್ಲ," ಅಂದಳು ಅಂಜನಾ.

"ಬರಲಿಕ್ಕಿಲ್ಲರಿ. ಬರೀರಿ."

ಅಂಜನಾ ಸಾಯಬಣ್ಣನ ಕಡೆ ನೋಡಿದಳು. ಅವನು ಆಗಲೇ ಬರೆಯುತ್ತಿದ್ದ. ಬೇರೆ ಹಾಳೆಯಲ್ಲಿ, ನಿಧಾನವಾಗಿ, ಯಾರು ಓದಿದರೂ ತಿಳಿಯುವಂತೆ. ಚಂದಮ್ಮ ಹೆಬ್ಬೆಟ್ಟು ಒತ್ತಿದಳು. ಆ ಹಾಳೆಗೆ ಮೊಹರು ಬಿತ್ತು. ಹಣಮಂತ ಜೈಲಿನಲ್ಲಿ ಕಳೆದ ಒಂದು ವರ್ಷವನ್ನು ಯಾವ ಮೊಹರೂ ವಾಪಸ್ ಕೊಡುವುದಿಲ್ಲ, ಅದು ಸಾಯಬಣ್ಣನಿಗೆ ಗೊತ್ತಿತ್ತು. ಒಂದು ನಕಲು ಹಳೆಯ ಕಡತಕ್ಕೆ ಹೋಗಬೇಕು, ಒಂದು ಶಹಾಬಜಾರಕ್ಕೆ. ಎರಡನೆಯದನ್ನು ಅವನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ಅವಳು ಕೆಡಿಸುವುದಕ್ಕೆ ಕೊಯ್ದಳೋ ಉಳಿಸುವುದಕ್ಕೆ ಕೊಯ್ದಳೋ, ಅದನ್ನು ತೂಗಿ ನೋಡುವ ಕೆಲಸ ಕೋರ್ಟಿನದು.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ವಿವೇಕಾನಂದ ಆಸ್ಪತ್ರೆಯಿಂದ ಫೋನು ಮಾಡಿದ. ಯಶವಂತನ ಬಲಗಾಲಿನ ಹೆಬ್ಬೆರಳು ಅಲುಗಿತ್ತು. ಎಡಗಾಲಿನದು ಇನ್ನೂ ಇಲ್ಲ. ಸಾಯಬಣ್ಣ ಅದನ್ನು ಚಂದಮ್ಮನಿಗೆ ಹೇಳಿದ. ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಎದ್ದಳು.

ಕಲಬುರಗಿಯ ಕೋರ್ಟಿಗೆ ಹೋಗುವ ಜೀಪು ಅಂಗಳದಲ್ಲಿ ನಿಂತಿತ್ತು. ಅಂಜನಾ ಮುಂದೆ ಕೂತಳು, ಮಹಿಳಾ ಪೇದೆ ಹಿಂದಿನ ಬಾಗಿಲು ತೆಗೆದಳು. ಚಂದಮ್ಮ ಠಾಣೆಯ ಮೆಟ್ಟಿಲ ಮೇಲೆಯೇ ನಿಂತಳು, ಜೀಪು ಹತ್ತಲಿಲ್ಲ.

"ಏನಾಯ್ತು?" ಅಂದ ಸಾಯಬಣ್ಣ.

"ಕೆಳಗೊಮ್ಮೆ ನೋಡು ಅಣ್ಣಾ."

ಪೇದೆ ಏನೋ ಹೇಳಲು ಹೋದಳು, ಅಂಜನಾ ಕೈಯಿಂದಲೇ ತಡೆದಳು. ಸಾಯಬಣ್ಣ ಟೋಪಿ ತೆಗೆದು ಬಾನೆಟ್ಟಿನ ಮೇಲಿಟ್ಟ. ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ಊರಿ, ಅಂಗೈಯನ್ನು ನೆಲಕ್ಕೆ ಕೊಟ್ಟು ಬಗ್ಗಿ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಯ ತನಕ ನೋಡಿದ. ಒಂದು ಒಣ ಎಲೆ, ಅಷ್ಟೇ.

"ಯಾರೂ ಇಲ್ಲ," ಅಂದ.

ಆಗ ಅವಳು ಹತ್ತಿದಳು. ಏಪ್ರಿಲ್ ಇಪ್ಪತ್ನಾಲ್ಕು, ಶುಕ್ರವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಚಂದಮ್ಮ ಕಮಲಾಪುರ ಬಿಟ್ಟು ಹೋದಳು.